ಜೆಡಿಎಲ್, ಕಾಖ್ ಎರಡೂ ಒಂದೇನಾ ಅಂದ್ರೆ...

ಅಮೆರಿಕದ ಯಹೂದಿ ಸಂಘಟನೆ ಜೆಡಿಎಲ್ ಮತ್ತೆ ಇಸ್ರೇಲಿನ ಪಾರ್ಟಿ ಕಾಖ್ ಒಂದೇನಾ, ಜೆಡಿಎಲ್ ಶುರುವಲ್ಲಿ ಬರೀ ಆತ್ಮರಕ್ಷಣೆಗೆ ಅಂತ ಇದ್ದಿದ್ದಾ ಅಂತ ಕೇಳಿದ್ರಲ್ಲ, ಒಂದೇ ಅಲ್ಲ ಆದ್ರೆ ಅಪ್ಪ ಒಬ್ಬನೇ, ರಬ್ಬಿ (ಯಹೂದಿ ಧರ್ಮಗುರು) ಮೀರ್ ಕಹಾನೆ. 1968ರಲ್ಲಿ ನ್ಯೂಯಾರ್ಕ್‌ನಲ್ಲಿ ಜ್ಯೂಯಿಶ್ ಡಿಫೆನ್ಸ್ ಲೀಗ್ ಅಂದ್ರೆ ಜೆಡಿಎಲ್ ಶುರು ಮಾಡಿದಾಗ ಹೇಳಿದ್ದೇನೋ ಬ್ರೂಕ್ಲಿನ್ ಕಡೆ ಯಹೂದಿಗಳಿಗೆ ಹೊಡೆತ ಬೀಳ್ತಿದೆ, ಕಾವಲಿಗೆ ನಾವಿದ್ದೀವಿ ಅಂತ, ಘೋಷಣೆ 'ನೆವರ್ ಅಗೇನ್'. ಆಮೇಲೆ ಸೋವಿಯತ್ ಯಹೂದಿಗಳನ್ನ ಬಿಡಿಸ್ತೀವಿ ಅಂತ ಹೊರಟು ಬಾಂಬಿಗೆ ಕೈ ಹಾಕಿದ್ರು ನೋಡಿ, ಅಲ್ಲಿಗೆ ರಕ್ಷಣೆ ಮಾತು ಮುಗೀತು.

1972ರ ಜನವರಿಯಲ್ಲಿ ಮ್ಯಾನ್‌ಹಟನ್‌ನಲ್ಲಿ ಶೋ ಆಯೋಜಕ ಸಾಲ್ ಹ್ಯೂರಾಕ್ ಆಫೀಸಿಗೆ ಬೆಂಕಿ ಬಾಂಬ್ ಇಟ್ರು. ಆತ ಮಾಡಿದ ತಪ್ಪು ಅಂದ್ರೆ ಸೋವಿಯತ್ ಕಲಾವಿದರನ್ನ ಕರೆಸಿ ಶೋ ಮಾಡಿಸ್ತಿದ್ದದ್ದು. ಆತನೂ ಯಹೂದಿ, ಹೊಗೆಯಲ್ಲಿ ಉಸಿರು ಕಟ್ಟಿ ಸತ್ತ 27 ವರ್ಷದ ಉದ್ಯೋಗಿ ಹುಡುಗೀನೂ ಯಹೂದಿನೇ! ಜೆಡಿಎಲ್ ಹುಡುಗರ ಮೇಲೆ ಕೇಸಾಯ್ತು, ಶಿಕ್ಷೆ ಮಾತ್ರ ಯಾರಿಗೂ ಆಗ್ಲಿಲ್ಲ.

ಕಹಾನೆ ಅಷ್ಟರಲ್ಲಿ ಅಂದ್ರೆ 1971ಕ್ಕೇ ಇಸ್ರೇಲಿಗೆ ಹೋಗಿ ಕಾಖ್ ಪಾರ್ಟಿ ಕಟ್ಟಿದ, ಅರಬ್ಬರನ್ನ ದೇಶದಿಂದ ಓಡಿಸ್ಬೇಕು ಅನ್ನೋದೇ ಅಜೆಂಡಾ, 1984ರಲ್ಲಿ ಒಂದು ಸೀಟು ಗೆದ್ದು ಕ್ನೆಸೆಟ್‌ಗೂ (ಇಸ್ರೇಲ್ ಸಂಸತ್ತಿಗೂ) ಬಂದ. ಇವ್ನು ಭಾಷಣಕ್ಕೆ ನಿಂತ್ರೆ ಬಲಪಂಥದ ಲಿಕುಡ್ ಪಾರ್ಟಿಯವ್ರೂ ಎದ್ದು ಹೋಗ್ತಿದ್ರಂತೆ. 1988ರಲ್ಲಿ ಜನಾಂಗದ್ವೇಷದ ಕಾರಣಕ್ಕೆ ಪಾರ್ಟೀನ ಚುನಾವಣೆಯಿಂದ್ಲೇ ಹೊರಗಿಟ್ರು, 1990ರಲ್ಲಿ ಮ್ಯಾನ್‌ಹಟನ್ ಹೋಟೆಲಲ್ಲಿ ಅವನ ಕೊಲೆ ಆಯ್ತು.

1994ರಲ್ಲಿ ವೆಸ್ಟ್ ಬ್ಯಾಂಕ್‌ನ ಹೆಬ್ರಾನ್ ಊರಿನ ಮಸೀದಿಯಲ್ಲಿ ನಮಾಜ್ ಮಾಡ್ತಿದ್ದ 29 ಜನರನ್ನ ಕೊಂದ ಬರೂಖ್ ಗೋಲ್ಡ್‌ಸ್ಟೀನ್ ಡಾಕ್ಟರು, ಕಹಾನೆ ಶಿಷ್ಯ. ಅದಾದ್ಮೇಲೇ ಇಸ್ರೇಲ್ ಕಾಖನ್ನ ಪೂರ್ತಿ ಬ್ಯಾನ್ ಮಾಡಿದ್ದು. ಅಮೆರಿಕದ ಜೆಡಿಎಲ್ ಆಮೇಲೂ ಉಳೀತು, 2001ರಲ್ಲಿ ಅದರ ಮುಖಂಡ ಅರ್ವ್ ರೂಬಿನ್ ಕ್ಯಾಲಿಫೋರ್ನಿಯಾದಲ್ಲಿ ಮಸೀದಿಗೆ ಬಾಂಬ್ ಇಡೋ ಸಂಚಿನ ಆರೋಪದಲ್ಲಿ ಅರೆಸ್ಟ್ ಆಗಿ ಮುಂದಿನ ವರ್ಷ ವಿಚಾರಣೆಗೆ ಮೊದ್ಲೇ ತೀರ್ಕೊಂಡ.