ನೋವಾಗುವ ತನಕ ಕಾಯಬೇಕೇ?

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಕ್ಯಾನ್ಸರ್ ಲಕ್ಷಣಗಳ ಬಗ್ಗೆ ಎರಡು ಪುಟ ಹಾಕಿದ್ದೀರಿ. ಓದಿದ ಮೇಲೆ ನನ್ನ ಮನೆಯವಳಿಗೆ ನಿದ್ದೆಯಿಲ್ಲ. ಹಬ್ಬದ ಹೊತ್ತಿನಲ್ಲಿ ಇದೆಲ್ಲ ಬೇಕಿತ್ತೇ? ನೋವು ಬಂದರೆ ಜನ ತಾವಾಗಿಯೇ ಡಾಕ್ಟರ ಹತ್ತಿರ ಹೋಗುತ್ತಾರೆ."

ರಾಯರೇ, ನಿಮ್ಮ ಮನೆಯವರ ನಿದ್ದೆ ಕೆಟ್ಟದ್ದಕ್ಕೆ ಬೇಸರವಿದೆ. ಪ್ರತಿ ಕೆಮ್ಮೂ ಕ್ಯಾನ್ಸರ್ ಅಲ್ಲ, ಸ್ತನದಲ್ಲಿ ಸಿಗುವ ಹೆಚ್ಚಿನ ಗಂಟುಗಳೂ ಅಲ್ಲ. ಒಪ್ಪಿದೆ. ಆದರೆ ನಿಮ್ಮ ಕೊನೆಯ ವಾಕ್ಯ ಇದೆಯಲ್ಲ, ಅದನ್ನು ಬಿಡಲಾರೆ.

ಶುರುವಿನಲ್ಲಿ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದೇ ಇಲ್ಲ. ಬಾಯಿಯೊಳಗಿನ ಬಿಳಿ ಕಲೆ ನೋಯುವುದಿಲ್ಲ. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಂಡರೆ ಹೆಂಗಸರು ಯಾರಿಗೂ ಹೇಳುವುದಿಲ್ಲ. ಮಲದಲ್ಲಿ ಕಂಡರೆ ಮೂಲವ್ಯಾಧಿ ಅಂತ ನಾವೇ ತೀರ್ಮಾನಿಸಿ ಮಜ್ಜಿಗೆ ಕುಡಿಯುತ್ತೇವೆ. ಮೂರು ವಾರವಾದರೂ ಮಾಯದ ಹುಣ್ಣು, ಸರಿಹೋಗದ ಸ್ವರ, ಇವನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಕಾರಣವಿಲ್ಲದೆ ತೂಕ ಇಳಿದರಂತೂ "ಸ್ಲಿಮ್ ಆಗಿದ್ದೀರಿ" ಅಂತ ಹೊಗಳುವವರೇ ಜಾಸ್ತಿ.

ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ ನಮ್ಮ ಊರಿನವರೊಬ್ಬರ ದವಡೆಯಲ್ಲಿ ಇಡೀ ದಿನ ಅಡಿಕೆ. ಸಾಂಬಾರು ತಾಗಿದರೆ ಬಾಯಿ ಉರಿ ಅಂತ ಇಡ್ಲಿಗೆ ಮೊಸರು ಹಾಕಿಕೊಳ್ಳಲು ಶುರು ಮಾಡಿದರು. ಆಮೇಲೆ ವಡೆಯನ್ನು ಚೂರು ಮಾಡಿ ಹಲ್ಲಿನ ಸಂದಿಯಲ್ಲಿ ತಳ್ಳುವುದು. ಮೂರು ಬೆರಳು ಹಿಡಿಸಬೇಕಾದ ಬಾಯಿಯಲ್ಲಿ ಎರಡೂ ಹಿಡಿಸುತ್ತಿರಲಿಲ್ಲ. ಕೇಳಿದರೆ "ನೋವಿಲ್ವಲ್ಲ ಮಾರಾಯ್ರೆ" ಅನ್ನುತ್ತಿದ್ದರು. ಕೊನೆಗೆ ಹೋದಾಗ ಕೆನ್ನೆಯೊಳಗೆ ಹುಣ್ಣು, ಕುತ್ತಿಗೆಯಲ್ಲಿ ಗಂಟು. ಮಾಟುಂಗದಿಂದ ಲೋಕಲ್ ಹತ್ತಿದರೆ ದಾದರ್, ಅದು ಬಿಟ್ಟರೆ ಪರೇಲ್. ಕ್ಯಾನ್ಸರಿಗೆಂದೇ ಇರುವ ಟಾಟಾ ಆಸ್ಪತ್ರೆ 1941ರಿಂದ ಅಲ್ಲೇ ಇದೆ!

ಅದೇ ಟಾಟಾದವರು ಮುಂಬಯಿಯ ಜೋಪಡಿಗಳಲ್ಲಿ ಮಾಡಿದ ಕೆಲಸ ಗೊತ್ತೇ? ಹತ್ತನೇ ಕ್ಲಾಸು ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟರು. ಅವರು ಗರ್ಭಕೊರಳಿಗೆ, ಅಂದರೆ ಗರ್ಭಕೋಶದ ಬಾಯಿಗೆ, ವಿನೆಗರ್ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುವುದು. ಬೆಳ್ಳಗಾದ ಜಾಗ ಕಂಡರೆ ಮುಂದಿನ ಪರೀಕ್ಷೆ. ಸುಮಾರು ಒಂದೂವರೆ ಲಕ್ಷ ಹೆಂಗಸರು ಈ ಅಧ್ಯಯನದಲ್ಲಿದ್ದರು. 2013ರಲ್ಲಿ ಫಲಿತಾಂಶ ಹೊರಬಂದಾಗ, ಹೀಗೆ ತಪಾಸಣೆ ಮಾಡಿದ ಕಡೆ ಗರ್ಭಕೊರಳಿನ ಕ್ಯಾನ್ಸರಿನ ಸಾವು, ಮಾಡದ ಕಡೆಗಿಂತ 31 ಪ್ರತಿಶತ ಕಡಿಮೆ. ತಪಾಸಣೆಗೆ ಬಂದವರು ನೋವು ಬರಲಿ ಅಂತ ಕಾಯಲಿಲ್ಲ.

ಈಗ ನಮ್ಮವರ ವಿಷಯಕ್ಕೆ ಬನ್ನಿ. ಈ ಊರಿನಲ್ಲಿ ಕನ್ನಡ ಸಂಘಗಳಿಗೆ ಬರವೇ? ಎಲ್ಲರ ಆಮಂತ್ರಣವೂ ನನ್ನ ಮೇಜಿಗೆ ಬರುತ್ತದೆ. ಶಾಲು, ಹಾರ, ಪೇಟ, ಫಲಕ. ಸನ್ಮಾನ ಮಾಡಿದವರಿಗೇ ಮುಂದಿನ ವರ್ಷ ಮತ್ತೊಂದು ಸನ್ಮಾನ. ಬಾಯಿ ತಪಾಸಣೆ ಶಿಬಿರ ಇಡಿ ಅಂದರೆ "ಶುಭ ಕಾರ್ಯದಲ್ಲಿ ಅದೆಲ್ಲ ಯಾಕೆ" ಅನ್ನುತ್ತಾರೆ. ಊಟದ ನಂತರ ತಟ್ಟೆಯಲ್ಲಿ ಎಲೆ-ಅಡಿಕೆ ಮಾತ್ರ ತಪ್ಪುವುದಿಲ್ಲ.

ನೀವು ಪತ್ರದ ಕೆಳಗೆ ನಿಮ್ಮ ಸಂಘದ ಜೊತೆಕಾರ್ಯದರ್ಶಿ ಅಂತ ಸಹಿ ಹಾಕಿದ್ದೀರಿ. ಇಷ್ಟು ಕಾಳಜಿಯಿಂದ ಪತ್ರ ಬರೆಯುವವರು ನೀವು, ಒಂದು ಶಾಲಿನ ಖರ್ಚು ಉಳಿಸಿ ವಾರ್ಷಿಕೋತ್ಸವದ ದಿನ ಒಬ್ಬ ದಂತವೈದ್ಯರನ್ನು ಮೂಲೆಯಲ್ಲಿ ಕೂರಿಸಲಾರಿರಾ? ಜಾಹೀರಾತು ನಾನು ಪುಕ್ಕಟೆ ಹಾಕುತ್ತೇನೆ. ಮತ್ತೆ, ನಿಮ್ಮ ಮನೆಯವರಿಗೆ ನಿದ್ದೆ ಬರದಿರುವುದು ಯಾಕೆ ಅಂತ ಒಮ್ಮೆ ಪಕ್ಕ ಕೂತು ಕೇಳಿ. ಪತ್ರದಲ್ಲಿ ನೀವು ಅದನ್ನು ಬರೆದೇ ಇಲ್ಲ.