ಎರಡನೇ ಸ್ಟೇಟ್‌ಮೆಂಟ್‌ಗೆ ಸಹಿ ಹಾಕ್ಬೇಡಿ, ಮೊದಲು ಸರ್ವೇ ರಿಪೋರ್ಟ್ ತರಿಸಿ

ಸರ್, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರೋಕಾಗ್ಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಗೂಡ್ಸ್ ಗಾಡಿಯನ್ನ ಬಲಗಡೆಯಿಂದ ಓವರ್‌ಟೇಕ್ ಮಾಡ್ತಿದ್ರಿ, ಅವನು ಇಂಡಿಕೇಟರ್ ಹಾಕದೆ ಬಲಕ್ಕೆ ತಿರುಗಿಸಿದ, ನಿಮ್ಮ ಕಾರಿನ ಎಡ ಫೆಂಡರ್, ಹೆಡ್‌ಲೈಟ್, ಮುಂದಿನ ಡೋರ್ ಹೋಯ್ತು. ಇನ್ಶೂರೆನ್ಸ್ ಕಂಪನಿ "ನಿಮ್ಮದೇ ನಿರ್ಲಕ್ಷ್ಯ, ಜೊತೆಗೆ ಡ್ಯಾಮೇಜು ನೀವು ಹೇಳಿದ ರೀತಿಗೆ ಹೊಂದ್ತಿಲ್ಲ" ಅಂತ ಕ್ಲೇಮ್ ರಿಜೆಕ್ಟ್ ಮಾಡಿದೆ. ಇದೆಲ್ಲ ಈ ಗುಂಪಿನಲ್ಲಿ ಹೊಸದಲ್ಲ. ನನಗೆ ಎದೆ ಝಲ್ ಅಂದಿದ್ದು ನಿಮ್ಮ ಕೊನೇ ಸಾಲಿಗೆ: "ಪಾರ್ಕಿಂಗ್‌ನಲ್ಲಿ ಗೋಡೆಗೆ ತಾಗಿತು ಅಂತ ಹೊಸ ಸ್ಟೇಟ್‌ಮೆಂಟ್ ಕೊಟ್ರೆ ಪಾಸ್ ಮಾಡಿಸ್ತೀನಿ ಅಂತ ಸರ್ವಿಸ್ ಅಡ್ವೈಸರ್ ಹೇಳಿದಾರೆ, ನಾಳೆ ಸಹಿ ಹಾಕಿ ಕೊಡ್ತೀನಿ."

ಹಾಕ್ಬೇಡಿ. ನಾನು ಹಾಕಿದ್ದೆ, ಅದರ ಗೋಳು ಆಮೇಲೆ ಹೇಳ್ತೀನಿ.

ಮೊದಲು "ನಿರ್ಲಕ್ಷ್ಯ" ಅನ್ನೋ ಮಾತನ್ನ ಬದಿಗಿಡಿ. ನಿಮ್ಮದು ಪ್ಯಾಕೇಜ್ ಪಾಲಿಸಿ, ಅಂದ್ರೆ ಬೇರೆಯವರ ನಷ್ಟದ ಜೊತೆ ನಿಮ್ಮ ಕಾರಿನ ಡ್ಯಾಮೇಜಿಗೂ ಕವರ್ ಇರೋದು, ಅಂತ ಬರೆದಿದೀರಿ. ಅಂದ್ಮೇಲೆ ಓನ್ ಡ್ಯಾಮೇಜ್ (ನಿಮ್ಮದೇ ಕಾರಿನ ಹಾನಿ) ಕ್ಲೇಮಿಗೆ ತಪ್ಪು ಯಾರದು ಅನ್ನೋದು ಪ್ರಶ್ನೆಯೇ ಅಲ್ಲ. ನೀವೇ ಕಂಬಕ್ಕೆ ಗುದ್ದಿದ್ರೂ ಕೊಡ್ಬೇಕು. ಪಾಲಿಸಿಯ ಎಕ್ಸ್‌ಕ್ಲೂಷನ್ ಪಟ್ಟಿ, ಅಂದ್ರೆ ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನೋ ಪಟ್ಟಿ, ತೆಗೆದು ನೋಡಿ: ಕುಡಿದು ಓಡಿಸಿದ್ರೆ, ಲೈಸೆನ್ಸ್ ಇಲ್ದಿದ್ರೆ, ಪ್ರೈವೇಟ್ ಕಾರನ್ನ ಬಾಡಿಗೆಗೆ ಬಿಟ್ಟಿದ್ರೆ, ಸವಕಳಿ, ಮೆಕಾನಿಕಲ್ ಫೇಲ್ಯೂರ್, ಕಾನ್ಸಿಕ್ವೆನ್ಶಿಯಲ್ ಲಾಸ್ (ಅಪಘಾತದ ಪರಿಣಾಮವಾಗಿ ಆಮೇಲೆ ಆಗೋ ಪರೋಕ್ಷ ನಷ್ಟ), ಹೀಗೆ. "ಓವರ್‌ಟೇಕ್ ಮಾಡುವಾಗ ಗಮನ ಕೊಡ್ಲಿಲ್ಲ" ಅಂತ ಎಲ್ಲೂ ಇಲ್ಲ. ಯಾರ ತಪ್ಪು ಎಷ್ಟು ಪರ್ಸೆಂಟ್ ಅಂತ ತೂಗೋದು ಎಂಎಸಿಟಿ (ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್) ಕೆಲಸ, ಅದೂ ಥರ್ಡ್ ಪಾರ್ಟಿ ಕೇಸಿನಲ್ಲಿ, ಅಂದ್ರೆ ಒಬ್ಬರು ಇನ್ನೊಬ್ಬರ ಗಾಡಿಯಿಂದಾದ ನಷ್ಟ ಕೇಳಿದಾಗ. ಅಲ್ಲೂ ಎಫ್‌ಐಆರ್‌ನಲ್ಲಿ ಬರೆದಿದ್ದೇ ವೇದವಾಕ್ಯ ಅಲ್ಲ, ಟ್ರಿಬ್ಯೂನಲ್ ಸಾಕ್ಷಿ ನೋಡಿ ತೀರ್ಮಾನ ಮಾಡುತ್ತೆ. ಕ್ಲೇಮ್ಸ್ ಡೆಸ್ಕಿನವನು ಮೇಲ್‌ನಲ್ಲಿ "ಯುವರ್ ನೆಗ್ಲಿಜೆನ್ಸ್" ಅಂತ ಟೈಪ್ ಮಾಡಿದ ಅಂತ ನೀವು ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ "ತಪ್ಪು ಅವನದು, ನಂದಲ್ಲ" ಅಂತ ದಿನಾ ಜಗಳ ಆಡ್ತಾ ಕೂತ್ರೆ ಅವರಿಗೇ ಲಾಭ. ಗಡುವು ಕಳೀತಾ ಹೋಗುತ್ತೆ.

ನಿಮ್ಮ ಕ್ಲೇಮ್ ಕೊಂದಿರೋದು ಎರಡನೇ ಕಾರಣ, ಡ್ಯಾಮೇಜು ಹೊಂದ್ತಿಲ್ಲ ಅನ್ನೋದು. ಅದು ಹುಟ್ಟಿದ್ದು ಎಲ್ಲಿ ಅಂತ ನೀವು ಹಾಕಿರೋ ಕ್ಲೇಮ್ ಫಾರಂ ಫೋಟೋದಲ್ಲೇ ಕಾಣ್ತಿದೆ. ಅಪಘಾತದ ವಿವರ ಅನ್ನೋ ಜಾಗದಲ್ಲಿ ಒಂದೇ ಸಾಲು, "ಮುಂದಿನ ಗಾಡಿಗೆ ಹಿಂದಿನಿಂದ ಡಿಕ್ಕಿ". ಅಕ್ಷರ ನಿಮ್ಮದಲ್ಲ, ಸಹಿ ಮಾತ್ರ ನಿಮ್ಮದು. ಹಿಂದಿನಿಂದ ಡಿಕ್ಕಿ ಅಂದ್ರೆ ಸರ್ವೇಯರ್ (ಡ್ಯಾಮೇಜು ನೋಡೋಕೆ ಕಂಪನಿ ನೇಮಿಸೋನು) ಹುಡುಕೋದು ಬಂಪರ್ ಮಧ್ಯಭಾಗ, ಗ್ರಿಲ್, ಬಾನೆಟ್ ತುದಿ, ರೇಡಿಯೇಟರ್ ಸಪೋರ್ಟ್. ಅವೆಲ್ಲ ನೆಟ್ಟಗಿವೆ. ಎಡ ಪಕ್ಕ ಮಾತ್ರ ಉದ್ದಕ್ಕೆ ಕೆರೆದಿದೆ. ಅವನು "ಇನ್‌ಕನ್ಸಿಸ್ಟೆಂಟ್" ಅಂತ ಬರೆದಿದ್ದರಲ್ಲಿ ಅವನ ತಪ್ಪೇನಿದೆ? ಅವನಿಗೆ ಸಿಕ್ಕ ಕಾಗದಕ್ಕೂ ಕಾರಿಗೂ ತಾಳೆ ಇಲ್ಲ, ಅಷ್ಟೇ.

ಖಾಲಿ ಫಾರಂಗೆ ಸಹಿ ಹಾಕೋ ಈ ರೋಗ ನಮ್ಮೆಲ್ಲರಿಗೂ ಇದೆ. ಗಾಡಿ ಟೋ ಮಾಡಿಸ್ಕೊಂಡು ಸುಸ್ತಾಗಿ ವರ್ಕ್‌ಶಾಪ್‌ಗೆ ಹೋಗ್ತೀವಿ. ಅಡ್ವೈಸರ್ ಟೀ ತರಿಸಿ, "ಸರ್ ನೀವು ಇಲ್ಲಿ, ಇಲ್ಲಿ, ಇಲ್ಲಿ ಸಹಿ ಹಾಕಿ ಹೋಗಿ, ಮಿಕ್ಕಿದ್ದು ನಾವು ನೋಡ್ಕೋತೀವಿ" ಅಂತಾನೆ. ನನಗೂ ಹಾಗೇ ಆಗಿದ್ದು. ಪಕ್ಕದಿಂದ ಉಜ್ಜಿಕೊಂಡು ಹೋದ ಗಾಡಿ ನಿಲ್ಲಿಸ್ದೆ ಹೋಗಿತ್ತು. ಇನ್ನೊಂದು ಗಾಡಿ ಅಂತ ಬರೆದ್ರೆ ಪೊಲೀಸ್ ಪೇಪರ್ ಕೇಳ್ತಾರೆ, ತಲೆನೋವು ಅಂತ ಅಡ್ವೈಸರ್ ಫಾರಂನಲ್ಲಿ "ರಿವರ್ಸ್ ತೆಗೆಯುವಾಗ ಕಂಬಕ್ಕೆ" ಅಂತ ಬರೆದ. ಕಂಪನಿ ಪ್ರಶ್ನೆ ಎತ್ತಿದಾಗ ಇನ್ನೊಂದು ಕಥೆ ಹೊಸೆದು ನನ್ನಿಂದ ಎರಡನೇ ಸ್ಟೇಟ್‌ಮೆಂಟ್ ಬರೆಸಿದ. ಆಗ ಮೊದಲನೇದೂ ಸುಳ್ಳು, ಎರಡನೇದೂ ಸುಳ್ಳು, ಎರಡರ ಮೇಲೂ ನನ್ನ ಸಹಿ. ಆ ತನಕ ವಿವರಣೆ ಹೊಂದ್ತಿಲ್ಲ ಅಂತಿದ್ದ ಕಂಪನಿ ಆಮೇಲೆ "ಮಿಸ್‌ರೆಪ್ರೆಸೆಂಟೇಶನ್", ಅಂದ್ರೆ ಸುಳ್ಳು ಮಾಹಿತಿ ಕೊಟ್ಟಿದಾರೆ, ಅಂತ ಬರೀತು. ಹೊಂದ್ತಿಲ್ಲ ಅನ್ನೋದಕ್ಕೆ ಸ್ಪಷ್ಟನೆ ಕೊಟ್ಟು ಬಚಾವಾಗಬಹುದು, ಸುಳ್ಳು ಮಾಹಿತಿ ಅಂತ ಬಂತು ಅಂದ್ರೆ ಪಾಲಿಸಿ ಷರತ್ತೇ ಮುರಿದ ಹಾಗೆ. ಅಡ್ವೈಸರ್‌ಗೆ ಏನೂ ಆಗ್ಲಿಲ್ಲ. ಅವನಿಗೆ ಬೇಕಾಗಿದ್ದು ಆ ತಿಂಗಳ ಬಾಡಿಶಾಪ್ ಬಿಲ್ಲಿಂಗ್. ಕೊನೆಗೆ ಪೂರ್ತಿ ಬಿಲ್ ನಾನೇ ಕೈಯಿಂದ ಕಟ್ಟಿ ಕಾರು ಬಿಡಿಸ್ಕೊಂಡಿದ್ದು.

ಹಾಗಾಗಿ ನೀವು ಮಾಡ್ಬೇಕಾದ್ದು ಹೊಸ ಕಥೆ ಅಲ್ಲ, ತಿದ್ದುಪಡಿ ಪತ್ರ. ಕ್ಲೇಮ್ ನಂಬರ್ ಹಾಕಿ, ಫಾರಂನ ಆ ಸಾಲು ವರ್ಕ್‌ಶಾಪ್‌ನವರು ಬರೆದದ್ದು, ನಡೆದದ್ದು ಹೀಗೆ, ಅಂತ ಸಮಯ, ಜಾಗ, ಯಾವ ಲೇನ್, ಎಷ್ಟು ಸ್ಪೀಡ್, ಗಾಡಿಯ ಯಾವ ಭಾಗ ನಿಮ್ಮ ಯಾವ ಭಾಗಕ್ಕೆ ತಾಗಿತು ಅನ್ನೋದನ್ನ ಸರಳವಾಗಿ ಬರೀರಿ. ವಿಶೇಷಣ ಬೇಡ, "ಅತಿ ವೇಗ", "ರಾಕ್ಷಸನಂತೆ" ಇಂಥದ್ದೆಲ್ಲ ಬೇಡ. ಕೈಯಲ್ಲಿ ಒಂದು ಸ್ಕೆಚ್ ಹಾಕಿ. ಇದನ್ನ ನೀವೇ ನೇರವಾಗಿ ಕಂಪನಿಯ ಕ್ಲೇಮ್ಸ್ ಮೇಲ್‌ಗೆ ಕಳಿಸಿ, ಸರ್ವೇಯರ್‌ಗೆ ಕಾಪಿ. ವರ್ಕ್‌ಶಾಪ್ ಮೂಲಕ ಬೇಡ.

ಜೊತೆಗೆ ಟೇಪ್ ಫೋಟೋ. ಇದು ನನ್ನ ಅಚ್ಚುಮೆಚ್ಚಿನ ವಿದ್ಯೆ, ಗುಂಪಿನಲ್ಲಿ ಎಷ್ಟು ಸಲ ಹೇಳಿದ್ರೂ ಯಾರೂ ಮಾಡಲ್ಲ. ಅಳತೆ ಟೇಪನ್ನ ನೆಲಕ್ಕೆ ಊರಿ ಲಂಬವಾಗಿ ಹಿಡಿದು, ಗೀರು ಶುರುವಾಗೋ ಎತ್ತರ, ಮುಗಿಯೋ ಎತ್ತರ ಎರಡೂ ಕಾಣೋ ಹಾಗೆ ಫೋಟೋ ತೆಗೀರಿ. ಆ ಗೂಡ್ಸ್ ಗಾಡಿ ಅದೇ ಏರಿಯಾದ್ದು ಅಂದ್ರಿ, ಅದರ ಬಂಪರ್ ಮೂಲೆ, ಫುಟ್‌ಸ್ಟೆಪ್, ಡಾಲಾ (ಸರಕು ತುಂಬೋ ಭಾಗ) ಕೊಕ್ಕೆ ಯಾವುದು ತಾಗಿತೋ ಅದಕ್ಕೂ ಹೀಗೇ ಅಳತೆ. ಎರಡೂ ಎತ್ತರ ಕೂಡಿದ್ರೆ ಸರ್ವೇಯರ್ ಬಾಯಿ ಕಟ್ಟಿದ ಹಾಗೆ. ಬ್ರೇಕ್ ಹಾಕಿದಾಗ ಕಾರಿನ ಮೂಗು ತಗ್ಗುತ್ತೆ, ಹಾಗಾಗಿ ನಿಮ್ಮ ಕಾರಿನ ಗೀರು ಗೂಡ್ಸ್ ಗಾಡಿಯ ಆ ಭಾಗದ ಎತ್ತರಕ್ಕಿಂತ ಸ್ವಲ್ಪ ಮೇಲೆ ಕಾಣ್ಬಹುದು, ಅದನ್ನೂ ಪತ್ರದಲ್ಲಿ ಒಂದು ಸಾಲು ಹೇಳಿ. ಪೇಂಟ್ ಟ್ರಾನ್ಸ್‌ಫರ್ ಇದ್ರೆ, ಅಂದ್ರೆ ಅವನ ಗಾಡಿ ಬಣ್ಣ ನಿಮ್ಮ ಡೋರ್ ಮೇಲೆ, ಹತ್ತಿರದಿಂದ ಒಂದು, ಇಡೀ ಡೋರ್ ಕಾಣೋ ಹಾಗೆ ಒಂದು. ಪಾಲಿಶ್ ಮಾಡ್ಸೋಕೆ ಬಿಡ್ಬೇಡಿ! ಕಳಚಿದ ಹೆಡ್‌ಲೈಟ್, ಫೆಂಡರ್ ಸ್ಕ್ರ್ಯಾಪ್‌ಗೆ ಹೋಗದ ಹಾಗೆ ವರ್ಕ್‌ಶಾಪ್‌ಗೆ ಮೇಲ್ ಹಾಕಿ, ಬಾಯಿಮಾತು ಸಾಲದು.

ತಿದ್ದುಪಡಿ ಪತ್ರ ಕಳಿಸೋ ಮೇಲ್‌ನಲ್ಲೇ ಕಂಪನಿಗೆ ಎರಡು ಕೇಳಿ. ಒಂದು, ಪಾಲಿಸಿಯ ಯಾವ ಷರತ್ತು, ಯಾವ ಎಕ್ಸ್‌ಕ್ಲೂಷನ್ ಪ್ರಕಾರ ರಿಜೆಕ್ಟ್ ಅನ್ನೋದು ಲಿಖಿತವಾಗಿ. ಎರಡು, ಸರ್ವೇ ರಿಪೋರ್ಟ್ ಕಾಪಿ, ಫೋಟೋ ಸಮೇತ. ಕಂಪನಿ ಕಡೆಯ ತನಿಖೆಯವನು (ಇನ್ವೆಸ್ಟಿಗೇಟರ್) ಬಂದಿದ್ರೆ ಅವನ ರಿಪೋರ್ಟೂ. "ಇಂಟರ್ನಲ್ ಡಾಕ್ಯುಮೆಂಟ್" ಅಂತ ರಾಗ ಎಳೀತಾರೆ, ಬಿಡ್ಬೇಡಿ. ಸರ್ಕಾರಿ ನಾಲ್ಕು ಕಂಪನಿಗಳಲ್ಲಿ ಒಂದಾದ್ರೆ 10 ರೂಪಾಯಿ ಫೀಸಿಗೆ ಆರ್‌ಟಿಐ ಹಾಕೋ ದಾರಿಯೂ ಇದೆ, ಪ್ರೈವೇಟ್‌ಗೆ ಅದಿಲ್ಲ. ಇನ್ಶೂರೆನ್ಸ್ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ 2024ರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಸರ್ವೇಯರ್ ನೇಮಕವಾದ 15 ದಿನದಲ್ಲಿ ರಿಪೋರ್ಟ್, ರಿಪೋರ್ಟ್ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಆಗ್ಬೇಕು. ನಿಮ್ಮ ಕೇಸಿನ ತಾರೀಖುಗಳನ್ನ ಇದರ ಪಕ್ಕ ಇಟ್ಟು ನೋಡಿ, ತಪ್ಪಿದ್ರೆ ಅದನ್ನೂ ಬರೀರಿ. ಸರ್ವೇಯರ್ ಹೇಳಿದ್ದೇ ಕೊನೆ ಅಂತ ಮೇಲೆ ಒಬ್ರು ಕಾಮೆಂಟ್ ಹಾಕಿದಾರೆ, ತಪ್ಪು. ನ್ಯೂ ಇಂಡಿಯಾ ಅಶ್ಯೂರೆನ್ಸ್ ವಿರುದ್ಧ ಪ್ರದೀಪ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ ಸರ್ವೇ ರಿಪೋರ್ಟ್ ಅಂತಿಮ ಮಾತಲ್ಲ ಅಂದಿದೆ. ಆದ್ರೆ ಅದನ್ನ ಒಡೆಯೋಕೆ ನಿಮ್ಮ ಕೈಯಲ್ಲಿ ಏನಾದ್ರೂ ಇರ್ಬೇಕು, ಬರೀ ಕೋಪ ಸಾಲಲ್ಲ.

ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ದೂರು ಹೋಗ್ಲೇಬೇಕು, ಇದನ್ನ ತಪ್ಪಿಸಿ ಮುಂದೆ ಹೋಗೋ ಹಾಗಿಲ್ಲ. ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾದಲ್ಲೂ ಹಾಕಿ, 155255ಕ್ಕೆ ಫೋನ್ ಮಾಡಿದ್ರೂ ದಾಖಲಿಸ್ತಾರೆ. ಪೋರ್ಟಲ್ ಏನೂ ತೀರ್ಪು ಕೊಡಲ್ಲ, ನಿಮ್ಮ ದೂರನ್ನ ಕಂಪನಿಗೇ ತಳ್ಳುತ್ತೆ, ಆದ್ರೆ ತಾರೀಖು ಬೀಳುತ್ತೆ. ಒಂದು ತಿಂಗಳಲ್ಲಿ ಉತ್ತರ ಬರ್ಲಿಲ್ಲ ಅಥವಾ ಬಂದದ್ದು ಅದೇ ಹಳೇ ಪುರಾಣ ಅಂದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ರ, ಅಂದ್ರೆ ಇಂಥ ದೂರುಗಳನ್ನ ಕೋರ್ಟ್ ಹೊರಗೆ ತೀರ್ಮಾನ ಮಾಡೋ ಅಧಿಕಾರಿ ಹತ್ರ ಹೋಗಿ. ಕರ್ನಾಟಕಕ್ಕೆ ಬೆಂಗಳೂರಿನ ಆಫೀಸು. ಫೀಸಿಲ್ಲ, ಲಾಯರ್ ಬೇಕಿಲ್ಲ, 50 ಲಕ್ಷದವರೆಗಿನ ಕ್ಲೇಮ್ ನೋಡ್ತಾರೆ, ಅವಾರ್ಡ್ ಆದ್ರೆ ಕಂಪನಿ 30 ದಿನದಲ್ಲಿ ಪಾಲಿಸ್ಬೇಕು. ಕಂಪನಿ ದೂರು ತಳ್ಳಿಹಾಕಿದ ಒಂದು ವರ್ಷದೊಳಗೆ ಹೋಗ್ಬೇಕು ಅನ್ನೋದು ನೆನಪಿರ್ಲಿ.

ನೇರ ಕನ್ಸ್ಯೂಮರ್ ಕೋರ್ಟ್‌ಗೆ ಹೋಗಿ ಅಂತ ಕೆಳಗೆ ಸಲಹೆ ಬಂದಿದೆ. ಹೋಗ್ಬಹುದು, ಎರಡು ವರ್ಷದ ಗಡುವಿದೆ, ನೀವು ಕಟ್ಟಿದ ಪ್ರೀಮಿಯಂ ಲೆಕ್ಕದಲ್ಲಿ ಜಿಲ್ಲಾ ಗ್ರಾಹಕ ಆಯೋಗವೇ ಸಾಕು, ಪ್ರೀಮಿಯಂ 5 ಲಕ್ಷದೊಳಗಿದ್ರೆ ಫೀಸೂ ಇಲ್ಲ. ಆದ್ರೆ ಅಲ್ಲಿ ಕೇಸ್ ಹಾಕಿದ ಮೇಲೆ ಅದೇ ವಿಷಯಕ್ಕೆ ಓಂಬುಡ್ಸ್‌ಮನ್ ಬಾಗಿಲು ಮುಚ್ಚುತ್ತೆ. ಹಾಗಾಗಿ ಮೊದಲು ಓಂಬುಡ್ಸ್‌ಮನ್, ಅಲ್ಲಿ ಸಮಾಧಾನ ಆಗದಿದ್ರೆ ಆಯೋಗ. ಇದು ನಿಮ್ಮ ಮತ್ತು ನಿಮ್ಮದೇ ಕಂಪನಿ ನಡುವಿನ ಜಗಳಕ್ಕೆ ಮಾತ್ರ. ಗೂಡ್ಸ್ ಗಾಡಿಯವನ ಕಂಪನಿ ಮೇಲೆ ಓಂಬುಡ್ಸ್‌ಮನ್ ಹತ್ರ ಹೋಗೋಕಾಗಲ್ಲ, ಅದಕ್ಕೆ ಎಂಎಸಿಟಿ, ಮೋಟಾರು ವಾಹನ ಕಾಯ್ದೆಯಲ್ಲಿ 6 ತಿಂಗಳ ಗಡುವು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇಟ್ಕೊಂಡವರಿಗೆ ಇರೋದು ಅದೊಂದೇ ದಾರಿ, ಆಗ ಮಾತ್ರ ಯಾರ ತಪ್ಪು ಅನ್ನೋದು ನಿಜವಾಗಿ ಮುಖ್ಯ ಆಗುತ್ತೆ.

ಕಂಪನಿ ನಡುವೆ ಇಷ್ಟು ಕೊಡ್ತೀವಿ ಅಂತ ಇಳಿದು ಬಂದ್ರೆ, "ಫುಲ್ ಅಂಡ್ ಫೈನಲ್" ವೋಚರ್, ಅಂದ್ರೆ ಇಷ್ಟಕ್ಕೇ ಎಲ್ಲ ಮುಗೀತು ಅನ್ನೋ ಕಾಗದ, ಕೈಗಿಡ್ತಾರೆ. ಬೇಕಾದ್ರೆ ತಗೊಳ್ಳಿ, ಆದ್ರೆ ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ ಅಂತ ಬರೆದು, ಅದೇ ದಿನ ಮೇಲ್ ಕೂಡ ಹಾಕಿ. ವೋಚರ್‌ಗೆ ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿಗೆ ಕೇಳೋ ಹಕ್ಕು ಹೋಗಲ್ಲ ಅಂತ ಐಆರ್‌ಡಿಎಐ 2015ರಲ್ಲೇ ಕಂಪನಿಗಳಿಗೆ ಹೇಳಿದೆ, ಆದ್ರೂ ಸುಮ್ನೆ ಸಹಿ ಹಾಕಿ ಆಮೇಲೆ ವಾದ ಮಾಡೋದು ಕಷ್ಟ. ಹಾಗೇ ಕಡಿತ ಎಲ್ಲವೂ ಮೋಸ ಅಂತ ತಿಳ್ಕೋಬೇಡಿ. ಝೀರೋ ಡೆಪ್ (ಸವಕಳಿ ಕಡಿತ ಇಲ್ಲದ ಹೆಚ್ಚುವರಿ ಕವರ್) ಇಲ್ಲದಿದ್ರೆ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ 50% ಹೋಗುತ್ತೆ, ಮೆಟಲ್‌ಗೆ ಗಾಡಿ ವಯಸ್ಸಿನ ಪ್ರಕಾರ, ಗಾಜಿಗೆ ಕಡಿತ ಇಲ್ಲ. ಆಮೇಲೆ ಕಡ್ಡಾಯ ಡಿಡಕ್ಟಿಬಲ್, ಅಂದ್ರೆ ಪ್ರತಿ ಕ್ಲೇಮಿಗೆ ನಿಮ್ಮ ಪಾಲು, 1500 ಸಿಸಿವರೆಗೆ 1000 ರೂಪಾಯಿ, ಮೇಲಾದ್ರೆ 2000. ಈ ಲೆಕ್ಕ ಹಾಕದೆ ಓಂಬುಡ್ಸ್‌ಮನ್ ಮುಂದೆ ಪೂರ್ತಿ ಬಿಲ್ ಹಿಡ್ಕೊಂಡು ನಿಂತ್ರೆ ನಿಮ್ಮ ಸರಿ ವಾದವೂ ತೂಕ ಕಳ್ಕೊಳ್ಳುತ್ತೆ.

ಇನ್ನೊಂದು ಬೈಗುಳ ಇದೆ, ಬೇಜಾರಾಗ್ಬೇಡಿ. ಸ್ಟೇಷನ್‌ನಲ್ಲಿ ರಾಜಿ ಪತ್ರ ಬರ್ಕೊಟ್ಟೆ ಅಂದ್ರಲ್ಲ, ಅದರಲ್ಲಿ ಏನು ಬರೆದಿದೆ ಅಂತ ನೋಡಿದ್ರಾ? "ಇಬ್ಬರದೂ ತಪ್ಪು" ಅಂತಲೋ "ನನ್ನ ಅಜಾಗರೂಕತೆಯಿಂದ" ಅಂತಲೋ ರೈಟರ್ ತನ್ನ ಮಾಮೂಲಿ ಧಾಟಿಯಲ್ಲಿ ಬರೆದುಬಿಡ್ತಾರೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆ, ಹಣ ಕೊಡೋ ಭರವಸೆ ಯಾವುದೂ ಮಾಡ್ಬಾರ್ದು ಅಂತ ಪಾಲಿಸಿ ಷರತ್ತಿನಲ್ಲೇ ಇದೆ. ಆ ಪತ್ರದ ಕಾಪಿ ತರಿಸ್ಕೊಳ್ಳಿ. ಯಾರಿಗಾದ್ರೂ ಗಾಯ ಆಗಿದ್ರಂತೂ ರಾಜಿ ಗೀಜಿ ಬಿಟ್ಟು ಕಂಪನಿಗೆ ಮೊದಲು ತಿಳಿಸಿ, ಫೈನ್ ಕಟ್ಟಿ ಮುಗಿಸೋಣ ಅಂತ ಕೋರ್ಟ್‌ನಲ್ಲಿ ತಪ್ಪೊಪ್ಪಿಕೊಂಡ್ರೆ ಅದೇ ಕಾಗದ ಎಂಎಸಿಟಿಯಲ್ಲಿ ನಿಮ್ಮ ಮುಂದೆ ಬರುತ್ತೆ.

ಡ್ಯಾಶ್‌ಕ್ಯಾಮ್ ಬಗ್ಗೆ ಕೇಳಿದೀರಿ. ನನ್ನ ಓಟು ವಿಯೋಫೋ ಕಂಪನಿಯದ್ದಕ್ಕೆ, ಯಾಕಂದ್ರೆ ಒಳಗೆ ಬ್ಯಾಟರಿ ಬದಲು ಕೆಪಾಸಿಟರ್, ಬಿಸಿಲಲ್ಲಿ ನಿಲ್ಲಿಸಿದ ಕಾರಿಗೆ ಅದೇ ಸರಿ. ಕ್ಯಾಮೆರಾಗಿಂತ ಕಾರ್ಡ್ ಮುಖ್ಯ. ಫೋನಿನಿಂದ ತೆಗೆದ ಹಳೇ ಕಾರ್ಡ್ ತುರುಕಬೇಡಿ, ಸ್ಯಾನ್‌ಡಿಸ್ಕ್ ಹೈ ಎಂಡ್ಯೂರೆನ್ಸ್ ಥರದ್ದು ಹಾಕಿ. ಗಡಿಯಾರ ಸರಿಯಿದೆಯಾ ಆಗಾಗ ನೋಡ್ತಿರಿ, ತಪ್ಪು ತಾರೀಖಿನ ವಿಡಿಯೋ ಕಂಪನಿಗೆ ನೀವೇ ಕೊಟ್ಟ ಅಸ್ತ್ರ. ಅಪಘಾತ ಆದ ತಕ್ಷಣ ಕಾರ್ಡ್ ಹೊರಗೆ ತೆಗೀರಿ, ವರ್ಕ್‌ಶಾಪ್‌ನಲ್ಲಿ ಹುಡುಗರು ಗಾಡಿ ಹಿಂದೆ ಮುಂದೆ ಮಾಡ್ತಾ ಇದ್ರೆ ಹೊಸ ರೆಕಾರ್ಡಿಂಗ್ ಹಳೇದನ್ನ ಅಳಿಸ್ತಾ ಹೋಗುತ್ತೆ. ಹಿಂದಿನ ಗಾಡಿಯವರ ವಿಡಿಯೋ, ಅಂಗಡಿ ಸಿಸಿಟಿವಿ ಇದ್ರೆ ಇವತ್ತೇ ಹೋಗಿ ಕೇಳಿ, ಅವೂ ಸ್ವಲ್ಪ ದಿನಕ್ಕೆ ಓವರ್‌ರೈಟ್ ಆಗ್ತವೆ.

ಇನ್ವೆಸ್ಟಿಗೇಟರ್ ಫೋನ್ ಮಾಡಿದ್ರೆ ಮರ್ಯಾದೆಯಿಂದ ಮಾತಾಡಿ. ತುಂಬಾ ಒಳ್ಳೆಯವರ ಹಾಗೆ ಬರ್ತಾರೆ, "ಸರ್ ನಿಮ್ಮ ಪರವಾಗೇ ಬರೀತೀನಿ" ಅಂತಾರೆ. ಹೇಳಿಕೆ ಅವರು ಬರೆದದ್ದಾದ್ರೆ ಪೂರ್ತಿ ಓದಿ, ಖಾಲಿ ಉಳಿದ ಜಾಗಕ್ಕೆ ಗೆರೆ ಎಳೆದು, ಪ್ರತಿ ಪುಟದ ಫೋಟೋ ತಗೊಂಡೇ ಸಹಿ. ನಿಮ್ಮ ತಿದ್ದುಪಡಿ ಪತ್ರಕ್ಕೂ ಅದಕ್ಕೂ ಒಂದು ಅಕ್ಷರ ವ್ಯತ್ಯಾಸ ಇರ್ಬಾರ್ದು.

ಡ್ರಾಫ್ಟ್ ಬರೆದು ಇಲ್ಲೇ ಹಾಕಿ, ನೋಡ್ತೀನಿ. ಅದಕ್ಕೆ ಮುಂಚೆ ಪೋಸ್ಟ್‌ನಲ್ಲಿರೋ ಆರ್‌ಸಿ ಫೋಟೋ ತೆಗೀರಿ, ಚಾಸಿ ನಂಬರ್, ಮನೆ ವಿಳಾಸ ಎಲ್ಲಾ ಕಾಣ್ತಿದೆ.