ಅರ ಕೆಳಗಿಡಿ, ಮೊದಲು ದೂರ ಅಳೆಯಿರಿ

ಪ್ರಶ್ನೆ: ಸಾರ್, ನಾನು ಕೊಡಗಿನವನು. ಕೆಲಸದ ಮೇಲೆ ಜರ್ಮನಿಯ ಎರ್‌ಫುರ್ಟ್‌ನಲ್ಲಿದ್ದೇನೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿ ಬೆಳೆದವನು. ಇಲ್ಲಿಯವರು ಕಂಬದ ತುದಿಯ ಮರದ ಹಕ್ಕಿಗೆ ಗುರಿ ಇಡುವುದು ನೋಡಿ ಕ್ಲಬ್ ಸೇರಿದೆ. ಲೈಸೆನ್ಸ್ ಆದ ಮೇಲೆ ಹಿರಿಯರೊಬ್ಬರಿಂದ ಹಳೆಯ ಶ್ಯೂಟ್ಸೆನ್ ರೈಫಲ್ (ಗುರಿ ಸ್ಪರ್ಧೆಯ ಜರ್ಮನ್ ರೈಫಲ್) ಕೊಂಡೆ. ಐಡ್ಟ್ ಮಾದರಿ, 8.15×46ಆರ್ ತೋಟಾ. ಹಿಂದೆ ಡಯಾಪ್ಟರ್, ಅಂದರೆ ಕಂಬದ ಮೇಲಿನ ಸಣ್ಣ ತೂತಿನ ಮೂಲಕ ಗುರಿ ನೋಡುವ ಸೈಟ್. ಮುಂದಿನ ಸೈಟ್ ಚಿಕ್ಕ ಕೊಳವೆಯೊಳಗಿನ ಮಣಿ. 100 ಮೀಟರಿನಲ್ಲಿ ಗುಂಡುಗಳು ಒಂದೇ ಕಡೆ ಬೀಳುತ್ತವೆ, ಆದರೆ ಗುರಿಗಿಂತ 25 ಸೆಂ.ಮೀ. ಮೇಲೆ, 9 ಸೆಂ.ಮೀ. ಎಡಕ್ಕೆ. ಡಯಾಪ್ಟರ್ ಪೂರ್ತಿ ಕೆಳಗಿದೆ. ಅಡ್ಡಕ್ಕೆ ಸರಿಸುವ ಸ್ಕ್ರೂ ಅಲ್ಲಾಡುತ್ತಿಲ್ಲ. ಡಯಾಪ್ಟರಿನ ಬುಡವನ್ನು ಅರದಲ್ಲಿ ಉಜ್ಜಿ ಇನ್ನೂ ಇಳಿಸಲೇ?

ಉತ್ತರ: ದಯವಿಟ್ಟು ಬೇಡ. ನಾನೂ ಒಂದು ಕಾಲದಲ್ಲಿ ಹೀಗೇ ಅವಸರಪಟ್ಟು ಮುಂದಿನ ಮಣಿಯನ್ನು ಉಜ್ಜಿದ್ದೆ. ಉಜ್ಜಿದ ಲೋಹ ವಾಪಸ್ ಬರಲ್ಲ. ಆ ರೈಫಲ್ ಈಗಲೂ ನನ್ನ ಕಪಾಟಿನಲ್ಲಿದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಿಮ್ಮ ಪತ್ರದಲ್ಲೇ ಒಂದು ಒಳ್ಳೆ ಸುದ್ದಿ ಇದೆ. ಗುಂಡುಗಳು ಒಂದೇ ಕಡೆ ಬೀಳುತ್ತಿವೆ. ಅಂದರೆ ನಳಿಗೆ, ಗುಂಡು, ನಿಮ್ಮ ಕೈ ಮೂರೂ ಸರಿಯಾಗಿವೆ. ಆ ಗುಂಪನ್ನು ಜಾಗ ಬದಲಿಸಿದರೆ ಸಾಕು.

ಮೊದಲು ಎತ್ತರದ ವಿಷಯ. ಈ ರೈಫಲ್‌ಗಳನ್ನು 100 ಮೀಟರಿಗೆ ಮಾಡಿದ್ದಲ್ಲ. ಆ ಕಾಲದ ಜರ್ಮನ್ ಗುರಿಕಾರರು ನಿಂತುಕೊಂಡು 175 ಮೀಟರಿಗೆ ಹೊಡೆಯುತ್ತಿದ್ದರು, ಕೆಲವೆಡೆ 300 ಮೀಟರಿಗೆ. ಸೀಸದ ಗುಂಡು ನಿಧಾನ. ಅದು ಸೆಕೆಂಡಿಗೆ ಸುಮಾರು 550 ಮೀಟರ್ ವೇಗದಲ್ಲಿ ಹೊರಡುತ್ತದೆ, ಬೇಗ ವೇಗ ಕಳೆದುಕೊಳ್ಳುತ್ತದೆ. 175ರಲ್ಲಿ ಸರಿಯಾಗಿ ಬೀಳಬೇಕೆಂದರೆ ನಡುದಾರಿಯಲ್ಲಿ ಅದು ಕಮಾನಿನಂತೆ ಏರಿ ಇಳಿಯಬೇಕು. ಲೆಕ್ಕ ಹಾಕಿದರೆ 100 ಮೀಟರಿನ ಹತ್ತಿರ ಆ ಏರು ಸುಮಾರು ಹದಿನೈದು–ಇಪ್ಪತ್ತು ಸೆಂ.ಮೀ. ಬರುತ್ತದೆ. ನಿಮ್ಮ 25ರಲ್ಲಿ ಹೆಚ್ಚಿನ ಪಾಲು ಅಲ್ಲೇ ಹೋಯಿತು! ಡಯಾಪ್ಟರ್ ಕೆಟ್ಟಿಲ್ಲ, ನೀವು ನಿಂತ ಜಾಗ ಬೇರೆ. ಉಳಿದದ್ದಕ್ಕೆ ತೋಟಾ ಬದಲಾಗಿದ್ದು ಕಾರಣವಿರಬಹುದು, ಅಥವಾ ಯಾರೋ ಮುಂದೆ ಗಿಡ್ಡ ಮಣಿ ಹಾಕಿರಬಹುದು. ಹತ್ತಿರದಲ್ಲಿ 175 ಮೀಟರಿನ ರೇಂಜ್ ಸಿಕ್ಕರೆ ಒಮ್ಮೆ ಅಲ್ಲಿ ಹೊಡೆದು ನೋಡಿ, ಆಮೇಲೆ ಮುಂದಿನ ಮಾತು.

ನಿಮಗೆ 100 ಮೀಟರೇ ಬೇಕು ಎಂದರೂ ದಾರಿ ಇದೆ. ಲೆಕ್ಕ ತುಂಬ ಸುಲಭ. ಗುಂಡು ತಪ್ಪಿದ ಅಂತರವನ್ನು ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಎಲ್ಲವೂ ಮಿ.ಮೀ.ನಲ್ಲಿರಲಿ. ಡಯಾಪ್ಟರಿನಿಂದ ಮುಂದಿನ ಮಣಿಗೆ 900 ಮಿ.ಮೀ. ಅಂದುಕೊಳ್ಳೋಣ, ನಿಮ್ಮದನ್ನು ನೀವು ಟೇಪ್ ಹಿಡಿದು ಅಳೆಯಿರಿ. 250ನ್ನು 900ರಿಂದ ಗುಣಿಸಿ 1,00,000ದಿಂದ ಭಾಗಿಸಿದರೆ 2.25 ಮಿ.ಮೀ. ಮುಂದಿನ ಮಣಿ ಅಷ್ಟು ಎತ್ತರ ಆಗಬೇಕು. ಕೊಳವೆಯೊಳಗಿನ ಮಣಿ ಸಾಮಾನ್ಯವಾಗಿ ಬಿಡಿಸಿ ತೆಗೆಯುವಂಥದ್ದು. ಹಳೆಯದನ್ನು ತೆಗೆದು ಡಬ್ಬಿಯಲ್ಲಿ ಹಾಕಿಡಿ. ತೆಳು ಉಕ್ಕಿನ ತಗಡಿನಲ್ಲಿ ಎತ್ತರದ ಹೊಸದೊಂದನ್ನು ಮಾಡಿಸಿ. ಹಳೆಯದಕ್ಕಿಂತ ಮೂರು ಮಿ.ಮೀ. ಎತ್ತರ ಮಾಡಿಸಿ ರೇಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿಕೊಳ್ಳಿ. ಅರ ಆಡಿಸಬೇಕೆಂಬ ಆಸೆ ಇದ್ದರೆ ಈ ಹೊಸ ತಗಡಿನ ಮೇಲೆ ತೀರಿಸಿಕೊಳ್ಳಿ. ಬದಲಾಯಿಸಿದ್ದು ಒಂದು ಚೂರು, ರೈಫಲ್ ಹಾಗೇ ಉಳಿಯಿತು.

ಇನ್ನು ಎಡಕ್ಕೆ 9 ಸೆಂ.ಮೀ. ಇದೇ ಲೆಕ್ಕದಲ್ಲಿ 0.81 ಮಿ.ಮೀ. ಮಾಮೂಲಿ ಪ್ರಿಂಟರ್ ಕಾಗದ ಎಂಟು ಹಾಳೆಯ ದಪ್ಪ, ಅಷ್ಟೇ! ನಿಯಮ ಇಷ್ಟು: ಗುಂಡು ಯಾವ ಕಡೆ ಹೋಗಬೇಕೋ ಡಯಾಪ್ಟರ್ ಆ ಕಡೆಗೆ. ಮುಂದಿನದು ಅದರ ಉಲ್ಟಾ. ಆದರೆ ತಿರುಗಿಸುವ ಮೊದಲು ಭೂತಗನ್ನಡಿ ಹಿಡಿದು ಮುಂದಿನ ಸೈಟಿನ ಬುಡ ನೋಡಿ. ಜರ್ಮನ್ ಕುಶಲಕರ್ಮಿಗಳು ಸೈಟ್ ಕೂರಿಸಿ ಗುರಿ ಹೊಂದಿಸಿದ ಮೇಲೆ ಬುಡ ಮತ್ತು ನಳಿಗೆ ಎರಡರ ಮೇಲೂ ಹಾಯುವಂತೆ ಉಳಿಯಲ್ಲಿ ಒಂದು ಸಣ್ಣ ಗೆರೆ ಹಾಕುತ್ತಿದ್ದರು. ಆ ಗೆರೆ ಈಗ ತುಂಡಾಗಿ ಎರಡು ಕಡೆ ಕಾಣುತ್ತಿದ್ದರೆ ಯಾರೋ ಸೈಟನ್ನು ಬಡಿದು ಸರಿಸಿದ್ದಾರೆ ಎಂದರ್ಥ. ಹಿತ್ತಾಳೆ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿ ಗೆರೆ ಕೂಡಿಸಿ. ಅರ್ಧ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ.

ಗೆರೆ ಸರಿಯಾಗಿದ್ದರೆ ಡಯಾಪ್ಟರಿನ ಕಂಬ ಬಾಗಿದೆಯೇ ನೋಡಬೇಕು. ರೈಫಲ್ ಬಿದ್ದರೆ ಮೊದಲ ಪೆಟ್ಟು ಅದಕ್ಕೇ. ಗಾರೆ ಕೆಲಸದವರ ತೂಗುಗುಂಡು ಸಾಕು. ರೈಫಲನ್ನು ಮರದ ಮೆತ್ತೆ ಇಟ್ಟ ವೈಸ್‌ನಲ್ಲಿ ಮಟ್ಟವಾಗಿ ಹಿಡಿಸಿ, ಹಿಂದೆ ನಿಂತು ದಾರದ ಜೊತೆ ಕಂಬವನ್ನು ಹೋಲಿಸಿ. ಕಂಬ ಎರಡೇ ಡಿಗ್ರಿ ವಾಲಿದ್ದರೂ ಡಯಾಪ್ಟರನ್ನು 10 ಮಿ.ಮೀ. ಏರಿಸಿದಾಗ 100 ಮೀಟರಿನಲ್ಲಿ ಗುಂಡು ಸುಮಾರು 4 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಎತ್ತರ ಬದಲಿಸಿದಾಗಲೆಲ್ಲ ಗುಂಡು ಅಡ್ಡಕ್ಕೂ ಓಡುತ್ತಿದ್ದರೆ ಇದೇ ಕಾರಣ. ಬಾಗಿದ ಕಂಬವನ್ನು ಮನೆಯಲ್ಲಿ ಸುತ್ತಿಗೆಯಿಂದ ನೆಟ್ಟಗೆ ಮಾಡಲು ಹೋಗಬೇಡಿ, ಮುರಿಯುತ್ತದೆ.

ಕಚ್ಚಿಕೊಂಡ ಸ್ಕ್ರೂ. ಇಲ್ಲಿ ತಾಳ್ಮೆಯೇ ಔಷಧಿ. ಹೆಚ್ಚಿನ ಸಲ ತುಕ್ಕಲ್ಲ, ದಶಕಗಳ ಹಿಂದಿನ ಎಣ್ಣೆ ಒಣಗಿ ಗೋಂದಾಗಿರುತ್ತದೆ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸೂಜಿ ತುದಿಯಲ್ಲಿ ಒಂದು ಹನಿ ಬಿಡಿ, ಮರುದಿನ ಇನ್ನೊಂದು. ಒಂದು ವಾರ ಹೀಗೇ. ನಡುನಡುವೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ. ಬೆಂಕಿ ಜ್ವಾಲೆ ಮಾತ್ರ ಬೇಡವೇ ಬೇಡ. ಸೈಟ್ ಬುಡಗಳಿಗೆ ತವರ–ಸೀಸದ ಬೆಸುಗೆ ಇದ್ದರೆ ಅದು 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಸ್ಕ್ರೂ ತಲೆಗಳ ಆ ಚಂದದ ನೀಲಿ ಬಣ್ಣವೂ ಹಾಳಾಗುತ್ತದೆ. ಅಂಗಡಿಯ ಮಾಮೂಲಿ ಸ್ಕ್ರೂಡ್ರೈವರ್ ತುದಿ ಆಪಿನಂತೆ ಇಳಿಜಾರಾಗಿರುತ್ತದೆ, ಜಾರಿ ಗೀರು ಬೀಳಿಸುತ್ತದೆ. ಸ್ಕ್ರೂ ಸೀಳಿಗೆ ಒಂಚೂರೂ ಅಲುಗಾಡದಂತೆ ಕೂರುವ, ಸಮಾನಾಂತರ ತುದಿಯದೇ ಬೇಕು. ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ಸುತ್ತುಗಳನ್ನು ಎಣಿಸಿ ಬರೆದಿಡಿ.

ಸಡಿಲವಾದ ಮೇಲೆ ಇನ್ನೊಂದು ಕಿರಿಕಿರಿ ಎದುರಾಗುತ್ತದೆ. ಹಳೆಯ ಥ್ರೆಡ್ ಸವೆದಿರುತ್ತದೆ. ದಿಕ್ಕು ಬದಲಿಸಿದರೆ ಕಾಲು ಸುತ್ತು ಸುಮ್ನೆ ತಿರುಗಿ ಆಮೇಲೆ ಡಯಾಪ್ಟರ್ ಚಲಿಸುತ್ತದೆ. ಅದಕ್ಕೇ ಯಾವಾಗಲೂ ಒಂದೇ ದಿಕ್ಕಿನಿಂದ ಬನ್ನಿ. ಬೇಕಾದ ಜಾಗ ದಾಟಿ ಹೋದರೆ ಪೂರ್ತಿ ಹಿಂದೆ ಹೋಗಿ ಮತ್ತೆ ಅದೇ ಕಡೆಯಿಂದ ತಿರುಗಿಸಿ.

ಕಂಬದ ಮೇಲೆ ಸೂಜಿಯಲ್ಲಿ ಗೀಚಿದ ಗೆರೆಗಳು ಕಂಡರೆ ಉಜ್ಜಬೇಡಿ. ಅವು ಹಳೆಯ ಯಜಮಾನರ ಗುರುತುಗಳು. ಒಂದು ಗೆರೆ 175ಕ್ಕೆ ಇರಬಹುದು, ಇನ್ನೊಂದು 300ಕ್ಕೆ. ಇದನ್ನೆಲ್ಲ ಮಾಡುವಾಗ ಕೋಣೆಯಲ್ಲಿ ತೋಟಾ ಇರಬಾರದು, ನಳಿಗೆ ಖಾಲಿಯೆಂದು ಕಣ್ಣಾರೆ ನೋಡಿಕೊಳ್ಳಿ. ನಳಿಗೆಯನ್ನು, ಅದರ ಹಿಂಬದಿ ಮುಚ್ಚುವ ಬ್ಲಾಕನ್ನು ಮುಟ್ಟುವ ಕೆಲಸ ಲೈಸೆನ್ಸ್ ಇರುವ ಬಂದೂಕು ತಯಾರಕರದ್ದು, ಜರ್ಮನ್ ಕಾನೂನೂ ಅದನ್ನೇ ಹೇಳುತ್ತದೆ.

ಪ್ರಶ್ನೆ: ಸ್ಟಟ್‌ಗಾರ್ಟ್‌ನಿಂದ. ನನ್ನ ಬಳಿ ಇದೇ ಥರದ ರೈಫಲ್ ಇದೆ, ಆದರೆ ಡಯಾಪ್ಟರೇ ಇಲ್ಲ. ಆನ್‌ಲೈನಿನಲ್ಲಿ ಹಳೆಯವು ಬಿಡಿಯಾಗಿ ಮಾರಾಟಕ್ಕಿವೆ. ಕೊಂಡರೆ ಕೂರುತ್ತದೆಯೇ?

ಉತ್ತರ: ಬಹುಶಃ ಕೂರಲ್ಲ. ಡಯಾಪ್ಟರ್ ಬಿಚ್ಚಿ ತೆಗೆಯುವಂಥದ್ದು. ಹಾಗಾಗಿಯೇ ಎಷ್ಟೋ ರೈಫಲ್‌ಗಳಲ್ಲಿ ಅದು ಕಳೆದುಹೋಗಿದೆ. ಬಂದೂಕು ತಯಾರಿಕೆಗೆ ಹೆಸರಾದ ಜರ್ಮನಿಯ ಸೂಲ್ ಊರಿನ ಒಬ್ಬೊಬ್ಬ ತಯಾರಕ ತನ್ನದೇ ಥ್ರೆಡ್ ಹಾಕುತ್ತಿದ್ದ ಕಾಲ ಅದು. ಈಗಿನ ಎಂ3, ಎಂ4 ಸ್ಕ್ರೂ ಒಂದೆರಡು ಸುತ್ತು ಹೋದಂತೆ ಅನಿಸಿ ಆಮೇಲೆ ಕಚ್ಚುತ್ತದೆ. ಒತ್ತಾಯ ಮಾಡಿದರೆ ಒಳಗಿನ ಥ್ರೆಡ್ ಹೋಯಿತು.

ಕಂಬವನ್ನೇ ತಿರುಗಿಸಿ ಕೂರಿಸುವ ಮಾದರಿಯಾದರೆ ಇನ್ನೂ ಒಂದು ತೊಡಕು. ಥ್ರೆಡ್ ಅಳತೆ ಹೊಂದಿದರೂ, ಬಿಗಿಯಾದಾಗ ಕಣ್ಣಿನ ತೂತು ನಿಮ್ಮ ಕಡೆಗೇ ಮುಖ ಮಾಡಿರಬೇಕಲ್ವಾ? ಬೇರೆ ರೈಫಲಿನ ಕಂಬ ಬಿಗಿಯಾಗುವಾಗ ಬೇಲಿಯ ಕಡೆ ನೋಡುತ್ತಾ ನಿಂತಿರುತ್ತದೆ. ದುಡ್ಡು ಕೊಡುವ ಮೊದಲು ನಿಮ್ಮ ಕಡೆಯ ತೂತಿನ ವ್ಯಾಸ, ಆಳ, ಥ್ರೆಡ್ಡಿನ ಅಂತರ ಅಳೆದು ಮಾರುವವರಿಂದ ಅದೇ ಮೂರು ಅಳತೆ ಕೇಳಿ. ಹೊಂದದಿದ್ದರೆ ಹೊಸ ಕಂಬ ಕಡೆಸಿ. ರೈಫಲಿಗೆ ಹೊಸ ತೂತು ಮಾತ್ರ ಕೊರೆಯಬೇಡಿ. ಕಂಬ ಕಡೆಯುವವರಿಗೆ ಬುಡದಲ್ಲಿ ಒಂದಿಷ್ಟು ಜಾಸ್ತಿ ಲೋಹ ಬಿಡಲು ಹೇಳಿ. ಅದನ್ನು ಕೂದಲೆಳೆಯಷ್ಟೇ ಉಜ್ಜುತ್ತಾ ಬಂದರೆ ತೂತು ನಿಮ್ಮ ಕಡೆಗೆ ತಿರುಗಿ ಬಿಗಿಯಾಗುತ್ತದೆ.